ಬೋನಸ್ ಕವರ್ ಅಂಟಿಸುವ ಮುನ್ನ

ಆಯುಧಪೂಜೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಂಗಡಿ ಇಟ್ಟ ತಮ್ಮನ ಮಗ, ಹೊಲಿಗೆ ಯೂನಿಟ್ ಹಾಕಿದ ಅಕ್ಕನ ಮಗಳು, ದರ್ಶಿನಿ ನಡೆಸುವ ಪಕ್ಕದ ಮನೆ ಹುಡುಗ, ಎಲ್ಲರದೂ ಒಂದೇ ಪ್ರಶ್ನೆ: "ಈ ಸಲ ಕೆಲಸದವರಿಗೆ ಎಷ್ಟು ಕೊಡೋದು?" ಎಷ್ಟು ಅನ್ನುವುದು ಕೊನೆಯ ಪ್ರಶ್ನೆ ಕಣ್ರಪ್ಪ. ಯಾವುದಕ್ಕೆ, ಯಾವಾಗ, ಯಾವ ಲೆಕ್ಕದಲ್ಲಿ ಅನ್ನುವುದು ಮೊದಲು. ಪೀಣ್ಯದ ರೆಡಿಮೇಡ್ ಕಾರ್ಖಾನೆಯೊಂದರಲ್ಲಿ ಸಂಬಳದ ಪಟ್ಟಿ ಬರೆದವಳು ನಾನು, ಆಮೇಲೆ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತವಳು. ಕಡಿಮೆ ಕೊಟ್ಟು ಕೆಟ್ಟ ಮಾಲೀಕರಿಗಿಂತ ಕೊಟ್ಟೂ ಕೆಟ್ಟವರನ್ನೇ ಹೆಚ್ಚು ನೋಡಿದ್ದೇನೆ. ನಿಮ್ಮ ಮನಸ್ಸು ಒಳ್ಳೆಯದೇ, ಮರೆವು ಜಾಸ್ತಿ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

• ಮೊದಲು ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಿ. ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೊಡಬೇಕು ಅಂತ ಕಾನೂನು ಹೇಳುತ್ತದೆ, ಆದರೆ ಮನೆ ಓನರು ಒಂದನೇ ತಾರೀಖಿಗೇ ಬಾಗಿಲು ತಟ್ಟುತ್ತಾರೆ. ಸಂಬಳ ಹದಿನೈದಕ್ಕೆ ಜಾರಿದರೆ ಕೆಲಸದವರು ಕೈಸಾಲ ಮಾಡುತ್ತಾರೆ. ನೀವು ಹಬ್ಬಕ್ಕೆ ಕೊಟ್ಟ ಇನ್ಸೆಂಟಿವ್ ಆ ಬಡ್ಡಿಗೆ ಹೋಗುತ್ತದೆ. ನಿಮಗೆ ಹೆಸರಿಲ್ಲ, ಅವರಿಗೆ ಸುಖವಿಲ್ಲ.

• ಓಟಿ ದುಡ್ಡನ್ನು ಇನ್ಸೆಂಟಿವ್ ಅಂತ ಹೆಸರು ಬದಲಾಯಿಸಿ ಕೊಡಬೇಡಿ. ಕಾರ್ಖಾನೆಯಲ್ಲಿ ಹೆಚ್ಚು ಹೊತ್ತು ದುಡಿಸಿಕೊಂಡರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ ಅವರ ಹಕ್ಕು. ಅದನ್ನು ಕೊಟ್ಟ ಮೇಲೆ ಉಳಿದದ್ದು ಇನ್ಸೆಂಟಿವ್. ಎರಡನ್ನೂ ಒಂದೇ ಕವರಿಗೆ ಹಾಕಿದರೆ ಅವರು ಮನೆಯಲ್ಲಿ ಕೂತು ಬೇರೆ ಮಾಡಿ ನೋಡುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲ ಅಂತ ಮಾತ್ರ ತಿಳಿಯಬೇಡಿ. ಅರ್ಧ ಜನ ಚೀಟಿ ನಡೆಸುವವರು.

• ಕಾನೂನಿನ ಬೋನಸ್ಸನ್ನು ನಿಮ್ಮ ಔದಾರ್ಯ ಅಂತ ಹೇಳಿಕೊಂಡು ಓಡಾಡಬೇಡಿ. ಇಪ್ಪತ್ತು ಜನರೋ ಅದಕ್ಕಿಂತ ಹೆಚ್ಚೋ ಕೆಲಸಕ್ಕಿದ್ದರೆ ಅದು ಕೊಡಲೇಬೇಕಾದದ್ದು. 1965ರ ಬೋನಸ್ ಕಾಯ್ದೆ ಶೇಕಡಾ 8.33ಕ್ಕೆ ಕಡಿಮೆಯಿಲ್ಲದಂತೆ, 20 ಮೀರದಂತೆ ಕೊಡಿ ಅಂದಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಇದೆ. 8.33 ಅಂದರೆ ಹನ್ನೆರಡರಲ್ಲಿ ಒಂದು ಪಾಲು, ಲೆಕ್ಕಕ್ಕೆ ಹಿಡಿದ ಕೂಲಿಯ ಒಂದು ತಿಂಗಳು. ವರ್ಷದಲ್ಲಿ 30 ದಿನ ಕೆಲಸ ಮಾಡಿದವರಿಗೂ ಅವರ ಪಾಲು ಬರುತ್ತದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು, ಅಂದರೆ ಮಾರ್ಚಿಗೆ ಪುಸ್ತಕ ಮುಗಿಸುವವರಿಗೆ ನವೆಂಬರ್ ಕೊನೆ. "ಈ ವರ್ಷ ನಷ್ಟ" ಅಂತ ಕನಿಷ್ಠಕ್ಕೆ ಕೈ ಎತ್ತುವ ಹಾಗಿಲ್ಲ. ಹೊಸದಾಗಿ ಶುರುಮಾಡಿದವರಿಗೆ ಮಾತ್ರ ಮೊದಲ ವರ್ಷಗಳಲ್ಲಿ ಸ್ವಲ್ಪ ರಿಯಾಯಿತಿ. ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಅನ್ವಯ ಅಂತಿತ್ತು. ಈಗಿನ ಮಿತಿಯನ್ನು ನಿಮ್ಮ ಆಡಿಟರ್ ಬಾಯಿಂದಲೇ ಕೇಳಿಕೊಳ್ಳಿ, ಪಕ್ಕದ ಅಂಗಡಿಯವರ ಬಾಯಿಂದ ಬೇಡ.

• ಹೆರಿಗೆ ರಜೆಯ ದಿನಗಳನ್ನು ಬೋನಸ್ ಲೆಕ್ಕದಲ್ಲಿ ಕಳೆಯಬೇಡಿ. ಸಂಬಳ ಸಹಿತ ಹೆರಿಗೆ ರಜೆ ಕೆಲಸ ಮಾಡಿದ ದಿನವೇ ಅಂತ ಕಾಯ್ದೆಯಲ್ಲೇ ಬರೆದಿದೆ. ಕೆಲಸದಲ್ಲಿ ಪೆಟ್ಟಾಗಿ ಮಲಗಿದ ದಿನಗಳೂ ಹಾಗೆಯೇ. ಇದನ್ನು ಮರೆಯುವವರೇ ಹೆಚ್ಚು. ಕಂಪ್ಯೂಟರ್ ಹುಡುಗ ಹಾಜರಿ ಪಟ್ಟಿ ನೋಡಿ ಕುರುಡಾಗಿ ಕಳೆದುಬಿಡುತ್ತಾನೆ, ನೀವೂ ಸಹಿ ಹಾಕಿಬಿಡುತ್ತೀರಿ.

• ನಿಮಗೆ ಏನು ಬೇಕೋ ಅದಕ್ಕೆ ದುಡ್ಡು ಕೊಡಿ, ಎಣಿಸಲು ಸುಲಭವಾದದ್ದಕ್ಕೆ ಅಲ್ಲ. ಹಾಲಿನ ಡೇರಿಯಲ್ಲಿ ಬರೀ ಲೀಟರ್ ಅಳೆದು ದುಡ್ಡು ಕೊಟ್ಟರೆ ಕ್ಯಾನಿಗೆ ನೀರು ಬೀಳುತ್ತದೆ, ಅದಕ್ಕೇ ಫ್ಯಾಟ್ ನೋಡಿ ದರ ಹಾಕುತ್ತಾರೆ. ಹೊಲಿಗೆ ಲೈನಿನಲ್ಲೂ ಅಷ್ಟೇ. ಪೀಸ್ ಎಣಿಸಿ ದುಡ್ಡು ಕೊಟ್ಟರೆ ಪೀಸ್ ಬರುತ್ತವೆ, ಕಾಲರ್ ಸೊಟ್ಟಗಿರುತ್ತದೆ, ಸಂಜೆ ಆಲ್ಟರ್ ಪೀಸುಗಳ ರಾಶಿ ಬೆಟ್ಟವಾಗುತ್ತದೆ. ಅವನ್ನು ಬಿಚ್ಚಿ ಹೊಲಿಯುವ ಹೊತ್ತಿಗೂ ಕೂಲಿ ನಿಮ್ಮದೇ. ಚೆಕಿಂಗ್ ಟೇಬಲ್ ದಾಟಿದ ಪೀಸ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಅದನ್ನು ಮೊದಲ ದಿನವೇ ಹೇಳಿ.

• ಹಾಗಂತ ಚೆಕ್ ಮಾಡುವವರ ಇನ್ಸೆಂಟಿವ್ ಅನ್ನು ಅದೇ ಲೈನಿನ ಪೀಸ್ ಲೆಕ್ಕಕ್ಕೆ ಕಟ್ಟಬೇಡಿ. ಕಣ್ಣು ಮಂಜಾಗುತ್ತದೆ.

• ಮೆಕ್ಯಾನಿಕ್ಕಿಗೆ ರಿಪೇರಿ ಎಣಿಸಿ ದುಡ್ಡು ಕೊಡಬೇಡಿ. ರಿಪೇರಿಗೆ ಕೊಟ್ಟರೆ ಮಿಷನ್‌ಗಳು ಕೆಡುತ್ತಲೇ ಇರುತ್ತವೆ, ಅದರಲ್ಲಿ ಅವನ ತಪ್ಪೂ ಇಲ್ಲ. ಎಣ್ಣೆ ಹಾಕಿ ಒರೆಸಿಟ್ಟದ್ದಕ್ಕೆ ಯಾರೂ ಕಾಸು ಕೊಡದಿದ್ದರೆ ಯಾರು ಒರೆಸುತ್ತಾರೆ? ಲೈನ್ ನಿಲ್ಲದೆ ಓಡಿದ ದಿನಗಳಿಗೆ ಕೊಡಿ.

• ಟಾರ್ಗೆಟ್ ಮುಟ್ಟಿದ ಮರುತಿಂಗಳೇ ಟಾರ್ಗೆಟ್ ಏರಿಸಬೇಡಿ. ಇಡೀ ಪಟ್ಟಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದಿನಕ್ಕೆ ನೂರು ಹೊಲಿದರೆ ಹೆಚ್ಚಿನ ದುಡ್ಡು ಅಂದಿರಿ, ಕೈ ಚುರುಕಿನ ಹೆಂಗಸೊಬ್ಬಳು ನೂರಿಪ್ಪತ್ತು ಹೊಲಿದಳು. ನಿಮಗೆ ಹೊಟ್ಟೆ ಉರಿಯಿತು, "ಹಾಗಾದರೆ ನೂರು ಸುಲಭ" ಅಂತ ನೂರಿಪ್ಪತ್ತಕ್ಕೆ ಏರಿಸಿದಿರಿ. ಈಗ ಅವಳಿಗೆ ಮೊದಲಿನ ದುಡ್ಡಿಗೆ ಹೆಚ್ಚಿನ ಕೆಲಸ, ನೂರರ ಹತ್ತಿರ ಇದ್ದವರಿಗೆ ಆಸೆಯೇ ಹೋಯಿತು. ಅವತ್ತು ಊಟದ ಹೊತ್ತಿನಲ್ಲಿ ಲೈನಿನವರೆಲ್ಲ ಅವಳನ್ನು ಮೂಲೆಗೆ ಕರೆದು ಮಾತಾಡಿಸುತ್ತಾರೆ. ಮಾರನೆಯ ದಿನದಿಂದ ಯಾರೂ ತೊಂಬತ್ತೆಂಟರ ಮೇಲೆ ಹೋಗುವುದಿಲ್ಲ. ಇದನ್ನು ಸೋಮಾರಿತನ ಅಂತ ಬೈಯಬೇಡಿ, ಅವರು ಲೆಕ್ಕ ಹಾಕಿದ್ದಾರೆ. ಹೊಸ ಮಿಷನ್ ಬಂದರೆ, ಡಿಸೈನ್ ಬದಲಾದರೆ ಟಾರ್ಗೆಟ್ ಬದಲಾಯಿಸಿ, ಯಾಕೆ ಅಂತ ತೋರಿಸಿ ಬದಲಾಯಿಸಿ. ಒಬ್ಬಳು ಚೆನ್ನಾಗಿ ದುಡಿದಳು ಅನ್ನುವುದು ಕಾರಣವಲ್ಲ.

• ಹೊಸಬರಿಗೆ ಕೆಲಸ ಕಲಿಸುವವರಿಗೆ ಬೇರೆಯಾಗಿ ಏನಾದರೂ ಕೊಡಿ. ಪೀಸ್ ಲೆಕ್ಕದಲ್ಲಿ ದುಡಿಯುವ ಹಿರಿಯ ಟೈಲರ್ ಪಕ್ಕದ ಹುಡುಗಿಗೆ ತೋಳು ಕೂರಿಸುವುದು ಕಲಿಸುತ್ತ ಕೂತರೆ ಅವಳ ಸ್ವಂತ ಪೀಸ್ ಹೋಗುತ್ತದೆ. ಕಲಿಸಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ ಆಯಿತು. ಆಮೇಲೆ "ನಮ್ಮಲ್ಲಿ ಹೊಸಬರು ನಿಲ್ಲೋದೇ ಇಲ್ಲ" ಅಂತ ನನ್ನ ಮುಂದೆ ಗೋಳಾಡಬೇಡಿ.

• ಗುಂಪಿಗೆ ಕೊಡುವ ಇನ್ಸೆಂಟಿವ್ ಇದ್ದರೆ ಗುಂಪು ಚಿಕ್ಕದಿರಲಿ. ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು, ಎಂಟು ಹತ್ತು ಜನ. ಇನ್ನೂರು ಜನರ ಕಾರ್ಖಾನೆಗೆ ಒಟ್ಟಾಗಿ ಒಂದು ಟಾರ್ಗೆಟ್ ಇಟ್ಟರೆ, ನಾನೊಬ್ಬಳು ಜಾಸ್ತಿ ಹೊಲಿದು ಏನಾಗಬೇಕು ಅಂತ ಎಲ್ಲರಿಗೂ ಅನಿಸುತ್ತದೆ.

• ಎಣಿಕೆಗೆ ಸಿಗದ ಕೆಲಸ ಮಾಡುವವರನ್ನು ಮರೆಯಬೇಡಿ. ಕಸ ಗುಡಿಸುವವರು, ವಾಚ್‌ಮನ್, ದಾರ ಕತ್ತರಿಸುವ ಹೆಲ್ಪರ್. ಇವರ ಕೆಲಸ ಒಂದು ದಿನ ನಿಂತರೆ ನಿಮ್ಮ ಟಾರ್ಗೆಟ್ಟೂ ನಿಲ್ಲುತ್ತದೆ. ಗುಂಪಿನ ಇನ್ಸೆಂಟಿವ್‌ನಲ್ಲಿ ಇವರ ಹೆಸರೂ ಬರೆಯಿರಿ.

• ಹಾಜರಿ ಬೋನಸ್ಸನ್ನು ಒಂದೇ ದಿನಕ್ಕೆ ಪೂರ್ತಿ ಕತ್ತರಿಸಬೇಡಿ. ತಿಂಗಳಲ್ಲಿ ಒಂದು ದಿನ ತಪ್ಪಿದರೆ ಇಡೀ ದುಡ್ಡು ಹೋಯಿತು ಅಂತ ಎಷ್ಟೋ ಕಡೆ ನಿಯಮ. ಏನಾಗುತ್ತದೆ ಗೊತ್ತೇ? ಜ್ವರ ಇದ್ದವಳು ಮಾತ್ರೆ ನುಂಗಿ ಬಂದು ಇಡೀ ಲೈನಿಗೆ ಜ್ವರ ಹಂಚುತ್ತಾಳೆ. ಮೂರನೇ ತಾರೀಖಿಗೇ ಒಂದು ದಿನ ತಪ್ಪಿಸಿದವಳಿಗೆ ಉಳಿದ ತಿಂಗಳು ಬರಲು ಕಾರಣವೇ ಇಲ್ಲ. ಹೇಗೂ ಹೋಯಿತಲ್ಲ ಅಂತ ಊರಿನ ಜಾತ್ರೆಗೂ ಹೋಗಿ ಬರುತ್ತಾಳೆ. ವಾರದ ಲೆಕ್ಕದಲ್ಲಿ ಕೊಡಿ, ಇಲ್ಲವೇ ಮೆಟ್ಟಿಲು ಮಾಡಿ: ಪೂರ್ತಿ ಬಂದರೆ ಇಷ್ಟು, ಒಂದು ದಿನ ತಪ್ಪಿದರೆ ಇಷ್ಟು, ಎರಡಾದರೆ ಇಷ್ಟು. ಮಗುವಿನ ಜ್ವರ, ಶಾಲೆಯ ಮೀಟಿಂಗ್ ಮುಂಚೆ ಹೇಳಿ ತೆಗೆದುಕೊಂಡ ರಜೆಯಾದರೆ ಕಳೆಯಬೇಡಿ.

• ಬಟ್ಟೆ ಅಂಗಡಿಯವರೇ, ಸೇಲ್ಸ್‌ಮನ್‌ಗಳಿಗೆ ಹಳೆ ಸ್ಟಾಕ್ ಖಾಲಿ ಮಾಡಲು ಕಮಿಷನ್ ಇಡುತ್ತೀರಲ್ಲ, ಅದಕ್ಕೊಂದು ಮಿತಿ ಹಾಕಿ. ಎರಡು ವರ್ಷದಿಂದ ಮಡಿಕೆಯಲ್ಲಿ ಬಣ್ಣ ಹೋದ ಸೀರೆಯನ್ನು ಮದುವೆ ಮನೆಯವರಿಗೆ ಅಂಟಿಸಿಬಿಟ್ಟರೆ ಅವನಿಗೆ ಕಮಿಷನ್ ಬರುತ್ತದೆ, ನಿಮಗೆ ಆ ಮನೆಯ ಮುಂದಿನ ಮೂರು ಮದುವೆಯ ಜವಳಿ ಹೋಗುತ್ತದೆ. ಸೀರೆ ವಾಪಸ್ ಬರಬಹುದಾದ ದಿನಗಳು ಕಳೆದ ಮೇಲೆ ಕಮಿಷನ್ ಕೊಡಿ.

• ಡಿಸ್ಕೌಂಟ್ ಕೊಡುವ ಅಧಿಕಾರ, ಮಾರಾಟದ ಮೇಲೆ ಕಮಿಷನ್, ಎರಡೂ ಒಬ್ಬನ ಕೈಗೆ ಕೊಡಬೇಡಿ. ಅವನು ನಿಮ್ಮ ಲಾಭದಲ್ಲಿ ಗಿರಾಕಿಗೆ ದಾನ ಮಾಡಿ ತನ್ನ ಕಮಿಷನ್ ಕಟ್ಟಿಕೊಳ್ಳುತ್ತಾನೆ.

• ದೊಡ್ಡ ಟಾರ್ಗೆಟ್ ಇಟ್ಟು, ಹೇಗೆ ಮುಟ್ಟಿದರು ಅಂತ ಕೇಳದೆ ಇರಬೇಡಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಕಾರ್ಡು ಮಾರಬೇಕು ಅಂತ ನೌಕರರ ಮೇಲೆ ಒತ್ತಡ ಇತ್ತು. ಅವರು ಗ್ರಾಹಕರಿಗೆ ಹೇಳದೆಯೇ ಖಾತೆ ತೆರೆದರು, ಲಕ್ಷಗಟ್ಟಲೆ. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನ ಕೆಲಸ ಕಳೆದುಕೊಂಡರು. ಟಾರ್ಗೆಟ್ ಇಟ್ಟವರಿಗಿಂತ ಮೊದಲು ಹೋದದ್ದು ಕೌಂಟರಿನ ಮಕ್ಕಳು. ನಮ್ಮ ಕಡೆಯೂ ಬ್ಯಾಂಕ್ ಕೌಂಟರಿನಲ್ಲಿ ಲಾಕರ್ ಕೇಳಲು ಹೋದ ಮುದುಕಿಗೆ ಇನ್ಶೂರೆನ್ಸ್ ಪಾಲಿಸಿ ಹಚ್ಚಿ ಕಳಿಸುವುದನ್ನು ನೀವೂ ನೋಡಿರುತ್ತೀರಿ. ತಿಂಗಳಿಗೊಮ್ಮೆ ನಾಲ್ಕು ಗಿರಾಕಿಗಳಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಅದಕ್ಕೇನೂ ಖರ್ಚಿಲ್ಲ.

• ಡೆಲಿವರಿ ಹುಡುಗರಿಗೆ ಹೊತ್ತಿನ ಮೇಲೆ ಇನ್ಸೆಂಟಿವ್ ಇಡಬೇಡಿ. ಕೊನೆಯ ಎರಡು ಆರ್ಡರ್ ಮುಗಿಸಿದರೆ ಮುನ್ನೂರು ರೂಪಾಯಿ ಅಂದರೆ ಅವನು ಒನ್‌ವೇಯಲ್ಲೇ ಗಾಡಿ ನುಗ್ಗಿಸುತ್ತಾನೆ. ಆ ಮುನ್ನೂರಕ್ಕೆ ಕಾಲು ಮುರಿದರೆ ಅವನ ತಾಯಿಗೆ ನೀವು ಏನು ಹೇಳುತ್ತೀರಿ? ಕೆಎಸ್‌ಆರ್‌ಟಿಸಿಯಲ್ಲಿ ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ, ಚಿನ್ನದ ಪದಕ ಕೊಡುತ್ತಾರೆ. ದಾರಿ ಅದು.

• ಹೋಟೆಲಿನವರು ಟಿಪ್ಸ್ ಲೆಕ್ಕ ಬೇರೆ ಇಡಿ. ಮೊದಲು ಡಬ್ಬಿ ಇತ್ತು, ರಾತ್ರಿ ತೆಗೆದು ಹಂಚುತ್ತಿದ್ದರು. ಈಗ ಗಿರಾಕಿ ಬಿಲ್ಲಿನ ಜೊತೆಗೇ ಇಪ್ಪತ್ತು ರೂಪಾಯಿ ಸೇರಿಸಿ ಸ್ಕ್ಯಾನ್ ಮಾಡುತ್ತಾನೆ, ಅದು ನೆಟ್ಟಗೆ ನಿಮ್ಮ ಖಾತೆಗೆ ಬರುತ್ತದೆ, ನೀವು ಮರೆತುಬಿಡುತ್ತೀರಿ. ಸಪ್ಲೈಯರ್ ಮರೆಯುವುದಿಲ್ಲ, ಅವನ ಕಣ್ಣೆದುರೇ ಕೊಟ್ಟದ್ದು. ಟಿಪ್ಸ್‌ಗೆ ಬೇರೆ ಕ್ಯುಆರ್ ಅಂಟಿಸಿ, ಶನಿವಾರ ಶನಿವಾರ ಹಂಚಿ. ದೋಸೆ ಹುಯ್ಯುವ ಭಟ್ಟರಿಗೂ ತಟ್ಟೆ ತೊಳೆಯುವವರಿಗೂ ಪಾಲು ಇರಲಿ; ಗಿರಾಕಿ ಮೆಚ್ಚಿದ್ದು ದೋಸೆಯನ್ನು ತಾನೆ.

• "ಈ ಆರ್ಡರ್ ಮುಗಿಸಿಕೊಡಿ, ಆಮೇಲೆ ನೋಡ್ಕೋತೀನಿ" ಅನ್ನಬೇಡಿ. ರೂಪಾಯಿ ಹೇಳಿ, ತಾರೀಖು ಹೇಳಿ. ನಿಮ್ಮ ಮನಸ್ಸಿನಲ್ಲಿ ಐನೂರು ಇರುತ್ತದೆ, ಅವರ ಮನಸ್ಸಿನಲ್ಲಿ ಎರಡು ಸಾವಿರ ಇರುತ್ತದೆ. ಐನೂರು ಕೊಟ್ಟ ದಿನ ನೀವು ಸಾವಿರದ ಐನೂರು ತಿಂದ ಮನುಷ್ಯರಾಗುತ್ತೀರಿ.

• ಲೆಕ್ಕ ಅವರೇ ಹಾಕಿಕೊಳ್ಳುವಷ್ಟು ಸುಲಭವಾಗಿರಲಿ. ಎಂಬಿಎ ಓದಿ ಬಂದ ಮಗ ನಾಲ್ಕು ಬಣ್ಣದ ಎಕ್ಸೆಲ್ ಶೀಟ್ ಮಾಡಿ, ಇದಕ್ಕಿಷ್ಟು ಅಂಕ, ಅದಕ್ಕಿಷ್ಟು ಅಂಕ, ಗುಣಿಸಿ ಭಾಗಿಸಿ ಅಂತ ತಂದರೆ ಮೆಚ್ಚಿ, ಬೆನ್ನು ತಟ್ಟಿ, ಮಡಚಿಡಿ. ಸಂಜೆ ಬಸ್ಸಿನಲ್ಲಿ ಕೂತು "ಇವತ್ತು ನನಗೆ ಅರವತ್ತು ರೂಪಾಯಿ ಹೆಚ್ಚು" ಅಂತ ಅವಳಿಗೆ ಗೊತ್ತಾಗಬೇಕು. ಗೊತ್ತಾದರೆ ಮಾತ್ರ ನಾಳೆ ಕೈ ಓಡುತ್ತದೆ. ಲಾಟರಿ ತರಹ ಬರುವ ದುಡ್ಡಿಗೆ ಯಾರೂ ಹೆಚ್ಚು ಕೆಲಸ ಮಾಡುವುದಿಲ್ಲ.

• ಲೆಕ್ಕದ ಚೀಟಿಯನ್ನು ಕನ್ನಡದಲ್ಲಿ ಕೊಡಿ. ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದ ಮಕ್ಕಳಿದ್ದರೆ ಹಿಂದಿಯಲ್ಲೂ ಒಂದು ಸಾಲು ಬರೆಸಿ. ಏನು ಮಾಡಿದ್ದಕ್ಕೆ ಏನು ಬಂತು ಅಂತ ಕಾಣದಿದ್ದರೆ ಕೊಟ್ಟದ್ದೂ ಕೊಡದ ಹಾಗೆ. ನಮ್ಮ ಆಶಾ ಕಾರ್ಯಕರ್ತೆಯರನ್ನೇ ನೋಡಿ. ಅವರಿಗೆ ಸ್ವಲ್ಪ ನಿಗದಿ ಗೌರವಧನ, ಉಳಿದದ್ದು ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಾಗ, ಮಾಡಿದ ಕೆಲಸಕ್ಕೂ ಪೋರ್ಟಲಿನಲ್ಲಿ ದಾಖಲಾಗಿ ಬಂದ ದುಡ್ಡಿಗೂ ತಾಳೆಯಾಗುತ್ತಿಲ್ಲ ಅನ್ನುವುದು ಅವರ ದೂರುಗಳಲ್ಲೊಂದಾಗಿತ್ತು. ಮೊಬೈಲಿನಲ್ಲಿ ಗುಂಡಿ ಒತ್ತಲು ನೆಟ್‌ವರ್ಕ್ ಸಿಗಲಿಲ್ಲ ಅಂತ ಹೆರಿಗೆಗೆ ಕರೆದುಕೊಂಡು ಹೋದದ್ದು ಸುಳ್ಳಾಗುತ್ತದೆಯೇ?

• ಒಮ್ಮೆ ಕೊಟ್ಟದ್ದನ್ನು ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳಬೇಡಿ. ಎರಡು ಮೂರು ವರ್ಷ ಸತತವಾಗಿ ಕೊಟ್ಟ ದುಡ್ಡು ಮನೆಯ ಖರ್ಚಿನಲ್ಲಿ ಸೇರಿಹೋಗಿರುತ್ತದೆ, ಮಗನ ಟ್ಯೂಷನ್ ಫೀಸೋ ಚೀಟಿಯ ಕಂತೋ ಆಗಿರುತ್ತದೆ. ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ 1917ರಲ್ಲಿ ಪ್ಲೇಗ್ ಬಂದಾಗ ಕೂಲಿಯವರು ಊರು ಬಿಟ್ಟು ಓಡದಿರಲಿ ಅಂತ ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು. ಪ್ಲೇಗ್ ಇಳಿಯಿತು, 1918ರಲ್ಲಿ ಬೋನಸ್ ನಿಲ್ಲಿಸಲು ಹೊರಟರು. ಅಷ್ಟರಲ್ಲಿ ಯುದ್ಧದಿಂದ ಧಾನ್ಯ, ಬಟ್ಟೆ ಎಲ್ಲದರ ಬೆಲೆ ಏರಿತ್ತು. ಕೂಲಿಯವರು ಶೇಕಡಾ 35 ಹೆಚ್ಚಳ ಕೇಳಿದರು, ಮಾಲೀಕರು 20 ಅಂದರು. ಗಿರಣಿಗಳು ನಿಂತವು, ಗಾಂಧೀಜಿ ಉಪವಾಸ ಕೂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕೂಲಿಯವರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ! ಕೊನೆಗೆ ಪಂಚಾಯಿತಿಯಲ್ಲಿ 35 ಕೊಡಬೇಕಾಯಿತು. ಕೊಡುವಾಗಲೇ "ಇದು ಇಂಥ ಕಾರಣಕ್ಕೆ, ಇಷ್ಟು ದಿನಕ್ಕೆ" ಅಂತ ಬರೆದು ಹೇಳಿ. ನಿಲ್ಲಿಸುವಾಗ ಮೊದಲೇ ಕೂರಿಸಿಕೊಂಡು ಮಾತಾಡಿ. ಕಾರ್ಖಾನೆಯಾದರೆ ಇಂಥ ಬದಲಾವಣೆಗೆ 21 ದಿನದ ನೋಟಿಸ್ ಕೊಡಬೇಕು ಅಂತ ಕಾನೂನೇ ಇದೆ.

• ಅವರದ್ದು ಅಂತ ಕೂಡಿಟ್ಟ ದುಡ್ಡಿನ ತಂಟೆಗಂತೂ ಹೋಗಲೇಬೇಡಿ. 2016ರ ಏಪ್ರಿಲಿನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರಿಗೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರವೇ ನಿಯಮ ವಾಪಸ್ ತೆಗೆದುಕೊಂಡಿತು. ಬಾಯಿ ಸತ್ತ ಹೆಂಗಸರು ಅಂತ ಅಂದುಕೊಂಡಿದ್ದವರೆಲ್ಲ ಅವತ್ತು ಟಿವಿ ಮುಂದೆ ಕೂತಿದ್ದರು.

• ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ ಅಂತ ನಂಬಬೇಡಿ. ಕವರ್ ಅಂಟಿಸಿ ಕೊಟ್ಟರೂ ಟೀ ಹೊತ್ತಿಗೆ ಎಲ್ಲರಿಗೂ ಮೊತ್ತ ಗೊತ್ತು. ಮನುಷ್ಯರಿಗೆ ತಮ್ಮ ಕವರಿಗಿಂತ ಪಕ್ಕದವರ ಕವರಿನ ಚಿಂತೆ ಹೆಚ್ಚು. 1980ರ ಡಿಸೆಂಬರಿನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಕಾರ್ಮಿಕರು ಬೆಂಗಳೂರಿನಲ್ಲಿ 77 ದಿನದ ಮುಷ್ಕರ ಶುರುಮಾಡಿದ್ದು ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ನಮಗೂ ಕೊಡಿ ಅಂತ. ಇಬ್ಬರಿಗೆ ಬೇರೆ ಬೇರೆ ಮೊತ್ತ ಕೊಡುವುದಾದರೆ, ಕಾರಣವನ್ನು ಇಬ್ಬರ ಮುಖ ನೋಡಿ ಹೇಳುವ ಧೈರ್ಯ ಇರಲಿ. ಹೇಳಲು ನಾಲಗೆ ತಡೆದರೆ ಮೊತ್ತದಲ್ಲೇ ತಪ್ಪಿದೆ ಅಂತ ತಿಳಿಯಿರಿ. ನಿಮ್ಮ ಭಾಮೈದನಿಗೆ ಹೆಚ್ಚು ಕೊಟ್ಟಿದ್ದರೆ ಅದನ್ನು ಇನ್ಸೆಂಟಿವ್ ಅಂತ ಬರೆಯಬೇಡಿ, ಮನೆ ಖರ್ಚಿನಲ್ಲಿ ಬರೆಯಿರಿ.

• ದುಡ್ಡು ಯಾವಾಗ ಬೇಕು ಅಂತ ಅವರನ್ನೇ ಕೇಳಿ. ನಾವು ಆಯುಧಪೂಜೆಗೋ ದೀಪಾವಳಿಗೋ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಮಕ್ಕಳಿರುವ ಹೆಂಗಸರಿಗೆ ಮೇ ಕೊನೆಯಲ್ಲಿ, ಶಾಲೆ ಶುರುವಾಗುವಾಗ ಬೇಕು: ಫೀಸು, ಯೂನಿಫಾರಂ, ಶೂ. ಊರಿನಲ್ಲಿ ಜಮೀನಿರುವವರಿಗೆ ಬಿತ್ತನೆ ಹೊತ್ತಿಗೆ ಬೇಕು. ಕಾನೂನಿನ ಬೋನಸ್ ಹಬ್ಬಕ್ಕೆ ಕೊಡಿ. ನಿಮ್ಮ ಇಚ್ಛೆಯ ಇನ್ಸೆಂಟಿವ್‌ನಲ್ಲಿ ಒಂದು ಪಾಲು ಮೇ ತಿಂಗಳಿಗೆ ಎತ್ತಿಡಿ. ಅದೇ ಐದು ಸಾವಿರ ಆಗ ಹತ್ತರಷ್ಟು ಕೆಲಸ ಮಾಡುತ್ತದೆ, ನಿಮಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

• ಕೊಟ್ಟಿದ್ದ ಅಡ್ವಾನ್ಸನ್ನು ಬೋನಸ್ಸಿನಲ್ಲಿ ಒಂದೇ ಸಲ ಮುರಿದುಕೊಳ್ಳಬೇಡಿ. ಹಬ್ಬದ ಹಿಂದಿನ ದಿನ ಖಾಲಿ ಕವರ್ ಹಿಡಿದು ಮನೆಗೆ ಹೋದವರು ಹಬ್ಬ ಮುಗಿಸಿ ಬರುವಾಗ ಬೇರೆ ಕಡೆ ಕೆಲಸ ಹುಡುಕಿಕೊಂಡೇ ಬರುತ್ತಾರೆ. ಕಂತು ಮಾಡಿ.

• ಅರ್ಧ ಕೇಜಿ ಮೈಸೂರು ಪಾಕ್ ಡಬ್ಬಿ ಬೋನಸ್ಸಿನ ಜೊತೆಗೆ ಕೊಡಿ, ಬೋನಸ್ಸಿನ ಬದಲು ಅಲ್ಲ. ಡಬ್ಬಿಯ ಮೇಲೆ ಕಂಪನಿ ಹೆಸರು ಅಚ್ಚು ಹಾಕಿಸುವ ಖರ್ಚನ್ನು ತುಪ್ಪಕ್ಕೆ ಹಾಕಿ.

• ಸೂಪರ್‌ವೈಸರ್‌ನ ಇನ್ಸೆಂಟಿವ್ ನೋಡಿಕೊಂಡು ಮಾಡಿ. ಅವನ ದುಡ್ಡು ಬರೀ ಪೀಸ್ ಲೆಕ್ಕಕ್ಕೆ ಅಂಟಿದ್ದರೆ ಅವನ ಬಾಯಿ ಕೆಡುತ್ತದೆ. ಬಾತ್‌ರೂಮಿಗೆ ಹೋದವಳ ಹಿಂದೆ ಗಡಿಯಾರ ಹಿಡಿದು ನಿಲ್ಲುತ್ತಾನೆ. ಅವನ ಲೈನಿನಿಂದ ಕೆಲಸ ಬಿಟ್ಟು ಹೋದವರೆಷ್ಟು ಅನ್ನುವುದನ್ನೂ ಅವನ ಲೆಕ್ಕದಲ್ಲಿ ಸೇರಿಸಿ, ಬಾಯಿ ತಾನಾಗಿ ಸರಿಹೋಗುತ್ತದೆ.

• ಕಾಲೇಜು ಮುಗಿಸಿ ಸ್ಟಾರ್ಟಪ್ ಹಾಕಿದ ಮಕ್ಕಳಿಗೆ ಒಂದು ಮಾತು. ಸಂಬಳದ ಬದಲು ಷೇರು ಕೊಡುತ್ತೇನೆ ಅಂತ ಎಲ್ಲರಿಗೂ ಹೇಳಬೇಡಿ. ತೊಂಬತ್ತರ ದಶಕದಲ್ಲಿ ಇನ್ಫೋಸಿಸ್ ನೌಕರರಿಗೆ ಷೇರು ಕೊಟ್ಟು ಎಷ್ಟೋ ಮನೆಗಳು ಎದ್ದದ್ದು ನಿಜ. ಆದರೆ ಆ ಕಂಪನಿ 1993ರಲ್ಲೇ ಷೇರುಪೇಟೆಗೆ ಬಂದಿತ್ತು, ಷೇರು ಮಾರಿದರೆ ಕೈಗೆ ದುಡ್ಡು ಬರುತ್ತಿತ್ತು. ನಿಮ್ಮ ಷೇರನ್ನು ಯಾರು ಕೊಳ್ಳುತ್ತಾರೆ, ಯಾವಾಗ, ಅಂತ ಕೇಳಿದರೆ ಉತ್ತರ ಇಟ್ಟುಕೊಂಡು ಮಾತಾಡಿ. ನಷ್ಟ ತಾಳಬಲ್ಲವರಿಗೆ ಷೇರು ಕೊಡಿ, ಆಫೀಸ್ ಬಾಯ್‌ಗೆ ನಗದು ಕೊಡಿ.

• ಪುಸ್ತಕದಲ್ಲಿ ಬೋನಸ್ ಅಂತ ಬರೆದಿಟ್ಟು ಕೊಡುವುದನ್ನು ಮುಂದೂಡಬೇಡಿ. ನಿಜವಾಗಿ ಕೊಟ್ಟ ಮೇಲೆಯೇ ಆದಾಯ ತೆರಿಗೆಯವರು ಅದನ್ನು ಖರ್ಚು ಅಂತ ಒಪ್ಪುತ್ತಾರೆ. ಪಡೆದವರಿಗೂ ಅದು ಸಂಬಳದ ಹಾಗೆಯೇ ತೆರಿಗೆಗೆ ಸೇರುತ್ತದೆ ಅಂತ ಮೊದಲೇ ಹೇಳಿಬಿಡಿ, ಕಡಿಮೆ ಬಂತು ಅಂತ ಆಮೇಲೆ ಮುಖ ಸಣ್ಣ ಮಾಡಿಕೊಳ್ಳುವುದು ತಪ್ಪುತ್ತದೆ.

• ಹೊಸ ಯೋಜನೆಯನ್ನು ಒಂದೇ ಲೈನಿನಲ್ಲಿ, ಒಂದೇ ಕೌಂಟರಿನಲ್ಲಿ ಮೂರು ತಿಂಗಳು ಮಾಡಿ ನೋಡಿ. ಇಡೀ ಕಾರ್ಖಾನೆಗೆ ಒಟ್ಟಿಗೆ ಹಾಕಿದರೆ ಕೆಟ್ಟಾಗ ಹಿಂದೆ ಬರಲು ದಾರಿ ಇರುವುದಿಲ್ಲ.

• ಇನ್ಸೆಂಟಿವ್‌ನಿಂದ ಲಾಭ ಆಯಿತೋ ಇಲ್ಲವೋ ಅಂತ ನೋಡುವಾಗ ಕಳೆದ ತಿಂಗಳ ಜೊತೆ ಹೋಲಿಸಬೇಡಿ, ಕಳೆದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ದೀಪಾವಳಿಯ ವ್ಯಾಪಾರವನ್ನು ಇನ್ಸೆಂಟಿವ್ ತಂದದ್ದಲ್ಲ, ದೀಪಾವಳಿ ತಂದದ್ದು. ಜೊತೆಗೆ ಮೂರು ಸಂಖ್ಯೆ ಬರೆದಿಡಿ: ಎಷ್ಟು ಆಯಿತು, ಅದರಲ್ಲಿ ಎಷ್ಟು ವಾಪಸ್ ಬಂತು ಅಥವಾ ಆಲ್ಟರ್ ಆಯಿತು, ಎಷ್ಟು ಜನ ಕೆಲಸ ಬಿಟ್ಟರು. ಮೊದಲನೆಯದು ಏರಿ ಉಳಿದೆರಡೂ ಏರಿದ್ದರೆ ನಿಮಗೆ ಏನೂ ಉಳಿದಿಲ್ಲ. ಹೊಸ ಟೈಲರ್ ಒಬ್ಬಳು ಕೈ ಕುದುರಿಸಿಕೊಳ್ಳುವವರೆಗೆ ಹಾಳಾಗುವ ಬಟ್ಟೆಯ ಲೆಕ್ಕ ಹಾಕಿ ನೋಡಿ, ಗೊತ್ತಾಗುತ್ತದೆ.

• ತಡವಾಗಿ ಬಂದರೆ ದಂಡ, ಚಹಾ ಚೆಲ್ಲಿದರೆ ದಂಡ, ಲೋಟ ಒಡೆದರೆ ದಂಡ ಅಂತ ಗೋಡೆಗೆ ಪಟ್ಟಿ ಹಚ್ಚಬೇಡಿ. ತಿಂಗಳಿಗೆ ಇನ್ನೂರು ರೂಪಾಯಿ ದಂಡ ಕೂಡಿಸಿ ಸಾವಿರದ ಇನ್ಸೆಂಟಿವ್‌ನ ಹೆಸರು ಕೆಡಿಸಿಕೊಂಡವರು ಊರು ತುಂಬ ಇದ್ದಾರೆ. ಲೋಟ ಒಡೆದದ್ದನ್ನು ಅಂಗಡಿಯ ಖರ್ಚಿಗೆ ಹಾಕಿ.

• ಇನ್ಸೆಂಟಿವ್‌ಗೆ ದುಡ್ಡು ಇಲ್ಲದ ವರ್ಷ ಇಲ್ಲ ಅಂತ ಹೇಳಿ. ಫೋನ್ ಎತ್ತದೆ, ಗೋಡೌನಿನಲ್ಲಿ ಅವಿತು ಕೂರಬೇಡಿ. ಆ ವರ್ಷ ಹೊಸ ಕಾರನ್ನೂ ತರಬೇಡಿ. ತಂದರೂ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಬೇಡಿ.

• ಇದೆಲ್ಲ ಓದುವಾಗ ಯಾರದೋ ಹೆಸರು ನಿಮ್ಮ ನೆನಪಿಗೆ ಬಂದಿರುತ್ತದೆ: ಮಾರ್ಚಿನಲ್ಲಿ ರಾತ್ರಿಯೆಲ್ಲ ಕೂತು ಆರ್ಡರ್ ಮುಗಿಸಿಕೊಟ್ಟವಳು, ನೀವು ಮಾತು ಕೊಟ್ಟು ಮರೆತವಳು. ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ, ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು, ಆ ದುಡ್ಡು ಕೊಟ್ಟುಬಿಡಿ.